ನಿಂತುಹೋದ ವಿದ್ಯಾರ್ಥಿವೇತನ, ನಿಲ್ಲದ ಮದುವೆಯ ಆಡಂಬರ

ದೇಶದ ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ತರಗತಿಗಳಲ್ಲಿ ಐವತ್ತು ಮಂದಿಗೆ ಒಬ್ಬ ಮಾತ್ರ ಮುಸ್ಲಿಮ್ ವಿದ್ಯಾರ್ಥಿಯಿದ್ದಾನೆಂದು 2006ರಲ್ಲಿ ಸಾಚಾರ್ ಸಮಿತಿ ವರದಿ ಮಾಡಿತು. ಅನಂತರದ ವರ್ಷಗಳಲ್ಲಿ ಸಂಶೋಧಕರಿಗಾಗಿ ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಬಂತು. ವಿದೇಶದಲ್ಲಿ ಉನ್ನತ ವ್ಯಾಸಂಗ ಮಾಡುವವರ ಸಾಲಕ್ಕೆ ಬಡ್ಡಿ ನೆರವು ನೀಡುವ 'ಪಢೋ ಪರದೇಶ್' ಬಂತು. 2022-23ರಿಂದ ಕೇಂದ್ರ ಸರಕಾರ ಎರಡನ್ನೂ ನಿಲ್ಲಿಸಿತು. ಇತರ ಯೋಜನೆಗಳಲ್ಲೂ ಇದೇ ಸೌಲಭ್ಯವಿದೆ ಎಂಬುದು ಅದು ಕೊಟ್ಟ ಕಾರಣ. ಒಬ್ಬನೇ ಎರಡು ಕಡೆ ಪಡೆಯುತ್ತಾನೆಂಬ ಶಂಕೆಯಿದ್ದರೆ ಪರಿಶೀಲನೆಯನ್ನು ಬಿಗಿಗೊಳಿಸಬೇಕಿತ್ತು. ಒಬ್ಬ ಎರಡು ತಟ್ಟೆ ಹಿಡಿದನೆಂದು ಅನ್ನದ ಪಾತ್ರೆಯನ್ನೇ ಮಗುಚುವುದು ಯಾವ ನ್ಯಾಯ? ಪೆಟ್ಟು ಬಿದ್ದುದು ಮುಸ್ಲಿಮರಿಗೆ ಮಾತ್ರವಲ್ಲ. ಕ್ರೈಸ್ತ, ಸಿಖ್, ಬೌದ್ಧ, ಜೈನ, ಪಾರ್ಸಿ ವಿದ್ಯಾರ್ಥಿಗಳಿಗೂ ಬಿದ್ದಿದೆ. ಈ ಅನ್ಯಾಯವನ್ನು ನಾವು ಪ್ರತಿಭಟಿಸಲೇಬೇಕು.

ಆದರೆ ಪ್ರತಿಭಟನೆಯ ಬಳಿಕ ನಾವು ನಮ್ಮ ಮೊಹಲ್ಲಾದತ್ತಲೂ ನೋಡಬೇಕು. ಮಗಳ ಮದುವೆಗೆ ಶಾದಿಮಹಲ್, ಬಿರಿಯಾನಿ, ಬಂಗಾರವೆಂದು ಲಕ್ಷಗಳನ್ನು ಸುರಿಯುವ ನಾವು, ಅದೇ ಮಗಳು ಎಂ.ಎಸ್ಸಿ. ಓದುತ್ತೇನೆಂದರೆ 'ಹಣವೆಲ್ಲಿದೆ?' ಎನ್ನುತ್ತೇವೆ. ಹಣವಿಲ್ಲವೇ, ಮನಸ್ಸಿಲ್ಲವೇ?

ರಮಝಾನಿನಲ್ಲಿ ನಮ್ಮ ಝಕಾತ್ ನೂರು, ಇನ್ನೂರರ ನೋಟುಗಳಾಗಿ ಮನೆಬಾಗಿಲಲ್ಲಿ ಕರಗುತ್ತದೆ. ಪಡೆದವನು ಮರುವರ್ಷ ಅದೇ ಬಾಗಿಲಿಗೆ ಬರುತ್ತಾನೆ. ಕುರ್‌ಆನ್ ಹೇಳಿದ ಎಂಟು ವರ್ಗಗಳಲ್ಲಿ ಮೊದಲನೆಯವರೇ ಬಡವರು. ಓದುತ್ತಿರುವ ಮಾತ್ರಕ್ಕೆ ಬಡವ ಬಡವನಲ್ಲದಾಗುತ್ತಾನೆಯೇ? ಹಣವನ್ನು ಅವನ ಒಡೆತನಕ್ಕೆ ಒಪ್ಪಿಸಿದರೆ ಹನಫೀ ಫಿಕ್ಹ್‌ನ ತಮ್ಲೀಕ್ ಷರತ್ತೂ ಪೂರೈಸುತ್ತದೆ. ಝಕಾತ್‌ಗೆ ಅರ್ಹರಲ್ಲದ ಮಧ್ಯಮ ವರ್ಗದವರಿಗೆ ಕರ್ಝೆ ಹಸನಃ ಇದೆ. ಇನ್ನೂರು ಮನೆಗಳು ತಲಾ ಹತ್ತು ಸಾವಿರ ಕೂಡಿಸಿದರೆ ಇಪ್ಪತ್ತು ಲಕ್ಷ! ಬಡ್ಡಿಗೆ ಅಂಜಿ ಓದು ಬಿಡುವ ಯುವಕನಿಗೆ ಬರೇ ಬಡ್ಡಿಯ ವಿರುದ್ಧ ಉಪದೇಶ ಸಾಲದು. ಬಡ್ಡಿರಹಿತ ಸಾಲವನ್ನೂ ಕೊಡಬೇಕು.

ಮಾಹಿತಿಯ ಬಡತನವೂ ನಮ್ಮಲ್ಲಿದೆ. ಬ್ರಿಟನ್ನಿನ ಚೀವ್‌ನಿಂಗ್ ವೇತನ ಒಂದು ವರ್ಷದ ಸ್ನಾತಕೋತ್ತರ ವ್ಯಾಸಂಗದ ಶುಲ್ಕ ಮತ್ತು ಜೀವನ ವೆಚ್ಚಕ್ಕೆ ನೆರವಾಗುತ್ತದೆ. ಅದಕ್ಕೆ ಕೆಲಸದ ಅನುಭವ ಬೇಕು. ಜರ್ಮನಿಯ ಬಹುತೇಕ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಜೀವನ ವೆಚ್ಚಕ್ಕೆ ಮಾತ್ರ ಹಣ ತೋರಿಸಬೇಕು. ನಮ್ಮ ರಾಜ್ಯದಲ್ಲೇ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮವು 'ಅರಿವು' ಶೈಕ್ಷಣಿಕ ಸಾಲ ನೀಡುತ್ತದೆ. ಇದನ್ನು ಎಷ್ಟು ಜಮಾಅತ್‌ಗಳು ಶುಕ್ರವಾರ ಘೋಷಿಸಿವೆ?

ಮಸೀದಿಗೆ ಅಮೃತಶಿಲೆ ಹಾಸಲು ಚಂದಾ ಎತ್ತುವ ಕಮಿಟಿಗಳು ಈ ವರ್ಷ ಒಬ್ಬ ವಿದ್ಯಾರ್ಥಿಯನ್ನು, ಒಬ್ಬ ವಿದ್ಯಾರ್ಥಿನಿಯನ್ನು ಸ್ನಾತಕೋತ್ತರ ಪದವಿಯವರೆಗೆ ಓದಿಸುವ ಹೊಣೆ ಹೊರಲಿ. ಸರಕಾರ ಕಿತ್ತುಕೊಂಡುದನ್ನು ಮರಳಿ ಕೇಳುವ ಹಕ್ಕು ನಮಗಿದೆ. ನಮ್ಮ ಕೈಯಲ್ಲಿರುವುದನ್ನೂ ಕೊಡದಿದ್ದರೆ ಆ ಕೂಗಿಗೆ ಬಲವೆಲ್ಲಿಂದ ಬಂದೀತು?