ಮೊದಲು ಚಿತ್ರ, ಆಮೇಲೆ ಪೈಪು

ಲೋಕಲ್ ಟ್ರೇನಿನಲ್ಲಿ, ಮದುವೆ ಮನೆಯಲ್ಲಿ, ಸಂಘದ ಸಭೆ ಮುಗಿದು ಕಾಫಿ ಕುಡಿಯುವಾಗ ಆಗಾಗ ಕಿವಿಗೆ ಬೀಳುವ ಮಾತೊಂದಿದೆ. "ಸೋನೋಗ್ರಫಿ ಆಯ್ತು, ರಕ್ತ ಪರೀಕ್ಷೆ ಆಯ್ತು, ಈಗ ಎಂಆರ್‌ಸಿಪಿ ಅಂತೆ. ಎಲ್ಲಾ ದುಡ್ಡು ಹೊಡೆಯೋ ದಂಧೆ ಮಾರಾಯ್ರೆ!" ಮುಂಬಯಿಯ ಆಸ್ಪತ್ರೆ ಬಿಲ್ಲು ಕಂಡವರಿಗೆ ಸಿಟ್ಟು ಬರುವುದು ಸಹಜವೇ. ಆದರೆ ಪಿತ್ತನಾಳದ ಕಲ್ಲಿನ ವಿಷಯದಲ್ಲಿ ನಾವು ಸಿಟ್ಟಾಗುತ್ತಿರುವುದು ತಪ್ಪು ಜಾಗದಲ್ಲಿ ಅಂತ ನನ್ನ ಅಭಿಪ್ರಾಯ. ನಾನು ಡಾಕ್ಟರಲ್ಲ, ಬ್ಯಾಂಕಿನವನು. ಓದಿ, ಕೇಳಿ ತಿಳಿದದ್ದನ್ನಷ್ಟೇ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಪಿತ್ತಕೋಶದಲ್ಲಿ ಕಲ್ಲಾಗಿ ತೊಂದರೆ ಕೊಟ್ಟರೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶವನ್ನೇ ತೆಗೆಯುತ್ತಾರೆ. ನಮ್ಮ ದೇಶದಲ್ಲಿ ಅದು ಮೊದಲು ನಡೆದದ್ದು ಇದೇ ಊರಿನಲ್ಲಿ, 1990ರಲ್ಲಿ, ಜೆ.ಜೆ. ಆಸ್ಪತ್ರೆಯಲ್ಲಿ, ಡಾ. ತೆಹಮ್ಟನ್ ಉದ್ವಾಡಿಯಾ ಅವರಿಂದ. ಆದರೆ ಕಲ್ಲು ಅಲ್ಲಿಂದ ಜಾರಿ ಪಿತ್ತನಾಳಕ್ಕೆ ಇಳಿದರೆ ಕಥೆ ಬೇರೆ. ಕಣ್ಣು ಹಳದಿಯಾಗುತ್ತದೆ, ಚಳಿಜ್ವರ ಬರಬಹುದು. ಆಗ ಬರುವ ಹೆಸರೇ ಇಆರ್‌ಸಿಪಿ.

ಇದರಲ್ಲಿ ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಸಣ್ಣ ಕರುಳಿನ ಮೊದಲ ಭಾಗಕ್ಕೆ ಹೋಗುತ್ತಾರೆ. ಪಿತ್ತನಾಳ ಬಂದು ಸೇರುವ ಬಾಯಿ ಇರುವುದು ಅಲ್ಲಿ. ಸ್ವಾರಸ್ಯವೆಂದರೆ ಆ ಕ್ಯಾಮೆರಾ ಬಾಗಿಲ ತನಕ ಮಾತ್ರ. ಒಳಗಿನ ಓಣಿ ಅದಕ್ಕೆ ಕಾಣಿಸುವುದಿಲ್ಲ. ಆದ್ದರಿಂದ ತೆಳ್ಳನೆಯ ನಳಿಗೆಯಲ್ಲಿ ಬಣ್ಣದ ದ್ರವ ಬಿಟ್ಟು, ಎಕ್ಸ್‌ರೇಯ ಚಲಿಸುವ ಚಿತ್ರ ನೋಡುತ್ತಾ ಕಲ್ಲು ಎಲ್ಲಿದೆ ಅಂತ ಹುಡುಕಿ ಎಳೆಯುತ್ತಾರೆ. ಡಾಕ್ಟರು, ನರ್ಸು ಎಲ್ಲರೂ ಸೀಸದ ಏಪ್ರನ್ ತೊಡುವುದು ಇದಕ್ಕೇ. ಮನೆಯ ಹೆಣ್ಣುಮಕ್ಕಳು ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಬೇಕು.

ಅದ್ಭುತ ವಿದ್ಯೆ, ನಿಜ. ಆದರೆ ಪುಕ್ಕಟೆ ಅಲ್ಲ. ಪಿತ್ತನಾಳದ ಬಾಯಿಯ ಪಕ್ಕದಲ್ಲೇ ಮೇದೋಜ್ಜೀರಕ ಗ್ರಂಥಿಯ ನಾಳವೂ ಇದೆ. ಅದು ಕೆರಳಿದರೆ ಪ್ಯಾಂಕ್ರಿಯಾಟೈಟಿಸ್. ನೂರರಲ್ಲಿ ಮೂರರಿಂದ ಹತ್ತು ಜನಕ್ಕೆ ಹೀಗಾಗುತ್ತದೆ ಎನ್ನುತ್ತಾರೆ. ಹೆಚ್ಚಿನವರು ಕೆಲವು ದಿನ ಆಸ್ಪತ್ರೆಯಲ್ಲಿದ್ದು ಸುಧಾರಿಸುತ್ತಾರೆ, ಅಪರೂಪಕ್ಕೆ ಜೀವಕ್ಕೇ ಬರುತ್ತದೆ. ಎಂಥ ನುರಿತ ಕೈಯಲ್ಲೂ ಇದು ಪೂರ್ತಿ ತಪ್ಪುವುದಿಲ್ಲ.

1968ರಲ್ಲಿ ಅಮೆರಿಕದಲ್ಲಿ ಇದು ಶುರುವಾದಾಗ ಬರೀ ನೋಡುವುದಕ್ಕೆ ಬಳಸುತ್ತಿದ್ದರು. 1974ರಲ್ಲಿ ಜರ್ಮನಿ, ಜಪಾನಿನ ವೈದ್ಯರು ಆ ಬಾಯಿಯನ್ನು ಸ್ವಲ್ಪ ಕೊಯ್ದು ಕಲ್ಲು ತೆಗೆಯುವ ದಾರಿ ಮಾಡಿದರು. 1990ರ ದಶಕದಲ್ಲಿ ಎಂಆರ್‌ಸಿಪಿ ಬಂತು. ಪೈಪಿಲ್ಲ, ಎಕ್ಸ್‌ರೇ ಇಲ್ಲ, ಮೆಷಿನ್ನಿನೊಳಗೆ ಮಲಗಿದರೆ ಪಿತ್ತನಾಳದ ನಕ್ಷೆ ಸಿಕ್ಕಿತು. ತೀರ ಸಣ್ಣ ಕಲ್ಲಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇನ್ನೂ ಒಳ್ಳೆಯದು. 2002ರಲ್ಲಿ ಅಮೆರಿಕದ ತಜ್ಞರ ಸಭೆ ಹೇಳಿದ್ದೂ ಇದೇ: ಕಲ್ಲು ಪತ್ತೆ ಮಾಡಲು ಇವೆರಡು ಇಆರ್‌ಸಿಪಿಗೆ ಸಮ. ಅಂದಮೇಲೆ ಇಆರ್‌ಸಿಪಿ ಮಾಡಬೇಕಾದ್ದು ತೆಗೆಯುವುದಕ್ಕೆ, ಬರೀ ನೋಡುವುದಕ್ಕಲ್ಲ.

ನಮ್ಮ ಬ್ಯಾಂಕಿನಲ್ಲಿ ಜಾಗ ನೋಡದೆ ಸಾಲ ಮಂಜೂರು ಮಾಡುವುದಿಲ್ಲ. ಸೈಟ್ ಇನ್ಸ್‌ಪೆಕ್ಷನ್ನಿನ ಫೀಸಿಗೆ ಗೊಣಗುವ ಗಿರಾಕಿ ಆಮೇಲೆ ಕೋರ್ಟಿನಲ್ಲಿ ಅದರ ಎಷ್ಟೋ ಪಟ್ಟು ಕಳೆದದ್ದನ್ನು ಕಂಡಿದ್ದೇನೆ. ಸೋನೋಗ್ರಫಿಗೆ ಪಿತ್ತಕೋಶದ ಕಲ್ಲು ಚೆನ್ನಾಗಿ ಕಾಣುತ್ತದೆ, ಆದರೆ ನಾಳದ ಕೆಳತುದಿಯನ್ನು ಕರುಳಿನ ಗ್ಯಾಸು ಮರೆಮಾಡುತ್ತದೆ. ಅನುಮಾನ ಉಳಿದಾಗ ಡಾಕ್ಟರು ಎಂಆರ್‌ಸಿಪಿ ಬರೆದರೆ ಅದು ದಂಧೆಯಲ್ಲ. ಎಷ್ಟೋ ಸಲ ಕಲ್ಲು ತಾನಾಗಿಯೇ ಕರುಳಿಗೆ ಜಾರಿ ಹೋಗಿರುತ್ತದೆ. ಆಗ ಆ ಸ್ಕ್ಯಾನು ಉಳಿಸುವುದು ಒಂದು ಪೈಪನ್ನು, ಜೊತೆಗೆ ಅದರ ಅಪಾಯವನ್ನು.

ಹಾಗಂತ ಎಲ್ಲರಿಗೂ ಬೇಕು ಅಂತಲೂ ಅಲ್ಲ. ಸೋನೋಗ್ರಫಿಯಲ್ಲೇ ನಾಳದ ಕಲ್ಲು ಸ್ಪಷ್ಟವಾಗಿದ್ದರೆ, ಅಥವಾ ಕಾಮಾಲೆಯ ಜೊತೆ ಚಳಿಜ್ವರ ಬಂದು ನಾಳದಲ್ಲಿ ಕೀವಾಗುತ್ತಿದ್ದರೆ, ಸ್ಕ್ಯಾನಿನ ಸರದಿಗೆ ಕಾಯುವುದೇ ಅಪಾಯ. ಹಾಗಾಗಿ ಜಗಳವಾಡಬೇಡಿ, ಒಂದೇ ಪ್ರಶ್ನೆ ಕೇಳಿ: "ಡಾಕ್ಟ್ರೇ, ಈ ಪೈಪು ನೋಡೋಕೋ, ತೆಗೆಯೋಕೋ? ಕಲ್ಲಿದೆ ಅಂತ ಯಾವ ಚಿತ್ರ ಹೇಳ್ತು?" ಒಳ್ಳೆಯ ಡಾಕ್ಟರಿಗೆ ಇದರಿಂದ ಬೇಸರವಾಗುವುದಿಲ್ಲ.

ನಮ್ಮಂಥ ಊರು ಬಿಟ್ಟವರಿಗೆ ಇನ್ನೊಂದು ಮಾತು. ಊರಿನಿಂದ ಅಪ್ಪ, ಅಮ್ಮ, ಅತ್ತೆ, ಮಾವ ಚಿಕಿತ್ಸೆಗೆಂದು ಇಲ್ಲಿಗೆ ಬರುತ್ತಾರೆ, ಪಿತ್ತನಾಳದಲ್ಲಿ ಪ್ಲಾಸ್ಟಿಕ್ ಸ್ಟೆಂಟ್ ಹಾಕಿಸಿಕೊಂಡು ಕುಂದಾಪುರದ ಬಸ್ಸು ಹತ್ತುತ್ತಾರೆ. ಆ ಸ್ಟೆಂಟನ್ನು ಸಾಮಾನ್ಯವಾಗಿ ಮೂರು ತಿಂಗಳೊಳಗೆ ತೆಗೆಯಬೇಕು, ಇಲ್ಲವೇ ಬದಲಿಸಬೇಕು. ನೋವಿಲ್ಲವೆಂದು ಮರೆತರೆ ಅದೇ ಕಟ್ಟಿಕೊಂಡು ಮತ್ತೆ ಕಾಮಾಲೆ, ಮತ್ತೆ ಜ್ವರ. ಫೈಲು ಮಾತ್ರ ಡೊಂಬಿವಲಿಯ ಕಪಾಟಿನಲ್ಲಿ! ಆದ್ದರಿಂದ ಸಿ.ಡಿ., ಡಿಸ್ಚಾರ್ಜ್ ಕಾಗದ ಅವರ ಚೀಲದಲ್ಲೇ ಹೋಗಲಿ. ಸ್ಟೆಂಟ್ ತೆಗೆಯುವ ತಾರೀಕು ಇಲ್ಲಿಯ ಕ್ಯಾಲೆಂಡರಿನಲ್ಲೂ ಇರಲಿ, ಊರ ಮನೆಯ ಗೋಡೆಯ ಮೇಲೂ ಇರಲಿ.

ನೀವೇನಂತೀರಿ?