ಬುಟ್ಟಿ ಒಳಗೆ, ಹೆಣೆದವರು ಹೊರಗೆ

ಪುತ್ತೂರಿನಿಂದ ನಾವು ಹತ್ತಿಪ್ಪತ್ತು ಮಂದಿ ಹೆಂಗಸರು ಸೇರಿ ಒಂದು ವಸ್ತುಸಂಗ್ರಹಾಲಯ ನೋಡಲು ಹೋಗಿದ್ದೆವು. ಅಂದು ಅಲ್ಲಿ ಕರಕುಶಲ ಕಲೆಗಳ ಪ್ರಾತ್ಯಕ್ಷಿಕೆ. ಕುಂಬಾರರಿದ್ದರು, ನೇಕಾರರಿದ್ದರು. ಅವರಾಚೆ ಕೊರಗ ಸಮುದಾಯದ ಒಬ್ಬ ಹೆಂಗಸು ಚಾಪೆಯ ಮೇಲೆ ಕುಳಿತು ಕಾಡುಬಳ್ಳಿಯಿಂದ ಬುಟ್ಟಿ ಹೆಣೆಯುತ್ತಿದ್ದರು. ಸುತ್ತ ಹಗ್ಗ ಕಟ್ಟಿತ್ತು. ಫಲಕದಲ್ಲಿ ಬಳ್ಳಿಯ ಹೆಸರಿತ್ತು, ಬುಟ್ಟಿಯ ಹೆಸರಿತ್ತು, ಜನಾಂಗದ ಹೆಸರಿತ್ತು. ಆಕೆಯ ಹೆಸರು ಮಾತ್ರ ಇರಲಿಲ್ಲ.

"ಪಾಪ, ಎಷ್ಟು ಚೆಂದ ಹೆಣೆಯುತ್ತಾಳೆ!" ಎಂದರು ನಮ್ಮವರೊಬ್ಬರು, ಆಕೆಗೆ ಕಿವಿಯೇ ಇಲ್ಲವೆಂಬಂತೆ. ನಾನೂ ಕಡಿಮೆಯವಳಲ್ಲ. "ಇದಕ್ಕೆಷ್ಟು ನಿಂದು?" ಎಂದೆ. ಪ್ರಾಯದಲ್ಲಿ ನನಗಿಂತ ಹಿರಿಯರು. ಆದರೂ ಏಕವಚನ ತಾನಾಗಿ ಬಾಯಿಗೆ ಬಂತು. ಮುನ್ನೂರು ಎಂದರು. "ಇನ್ನೂರಕ್ಕೆ ಕೊಡು" ಎಂದೆ. ಆಕೆ ಕೈ ನಿಲ್ಲಿಸದೆ ಕೇಳಿದರು: "ಅಕ್ಕಾ, ಗೇಟಿನಲ್ಲಿ ಟಿಕೆಟಿಗೂ ಚರ್ಚೆ ಮಾಡಿದ್ದೀರಾ?"

ನನ್ನಲ್ಲಿ ಉತ್ತರವಿರಲಿಲ್ಲ. ನೆನಪಾದದ್ದು ಸುಳ್ಯದ ಹತ್ತಿರದ ನನ್ನ ಅಜ್ಜನ ಮನೆ. ಅಲ್ಲಿಗೆ ಬುಟ್ಟಿ, ತಡ್ಪೆ ತರುವವರು ಅಂಗಳದ ಕೊನೆಯಲ್ಲಿ ಇಟ್ಟು ಹಿಂದೆ ಸರಿದು ನಿಲ್ಲಬೇಕಿತ್ತು. ಅಜ್ಜಿ ಅಕ್ಕಿಯನ್ನು ದೂರದಿಂದಲೇ ಸುರಿಯುತ್ತಿದ್ದರು. ಬುಟ್ಟಿಗೆ ನೀರು ಚಿಮುಕಿಸಿದರೆ ಅದು ಅಡುಗೆಮನೆಗೂ ಆಯಿತು. ನಾನು ಮಲಗಿದ ತೊಟ್ಟಿಲೂ ಅವರು ಹೆಣೆದದ್ದೇ. ಕೊರಗರು ಮಾಡುವ ವಸ್ತುಗಳನ್ನು 1909ರಲ್ಲಿ ಪಟ್ಟಿಮಾಡಿದ ಎಡ್ಗರ್ ಥರ್ಸ್ಟನ್ ಮೊದಲೇ ಹೇಳಿದ್ದು ತೊಟ್ಟಿಲನ್ನು. ನೀರು ಚಿಮುಕಿಸಿದರೆ ಬುಟ್ಟಿ ಶುದ್ಧವಾಗುತ್ತಿತ್ತು. ಮನುಷ್ಯರಿಗೆ ಆ ಸೌಲಭ್ಯವೂ ಇರಲಿಲ್ಲ. ಅದೆಲ್ಲ ಹಳೆಯ ಕತೆ ಎನ್ನಬೇಡಿ. ಉಗುರು, ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ನೇ ಇಸವಿಯಲ್ಲಿ ನಮ್ಮ ರಾಜ್ಯ ಒಂದು ಕಾಯ್ದೆಯನ್ನೇ ಮಾಡಬೇಕಾಯಿತು.

ಈಗ ನಾವು ಜಗಲಿಗೆ ಕರೆಯದವರನ್ನು ವಸ್ತುಸಂಗ್ರಹಾಲಯಕ್ಕೆ ಕರೆದು ಚಪ್ಪಾಳೆ ತಟ್ಟುತ್ತೇವೆ. ಇದರಿಂದ ಕಲೆ ಉಳಿಯುತ್ತದಂತೆ! ಒಂದು ದಿನದ ಕೂಲಿ ಸಿಗುತ್ತದೆ, ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ಪ್ಲಾಸ್ಟಿಕ್ ಬುಟ್ಟಿ ತುಂಬಿಸಿಕೊಂಡು ಕಲೆಯನ್ನು ಉಳಿಸುವ ಹೊರೆಯನ್ನು ವಸ್ತುಸಂಗ್ರಹಾಲಯದ ತಲೆಗೆ ಕಟ್ಟುವುದು ಯಾವ ನ್ಯಾಯ?

ಕಲೆ ಹೇಗೆ ಉಳಿಯುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆ ಸುಬ್ರಹ್ಮಣ್ಯಕ್ಕೆ ಚಂಪಾಷಷ್ಠಿಗೆ ಹೋದವರಿಗೆ ಗೊತ್ತು, ಅಲ್ಲಿಯ ಬ್ರಹ್ಮರಥ ಕಟ್ಟುವವರು ಮಲೆಕುಡಿಯರು. ಬಿದಿರು, ಬೆತ್ತ ಅವರ ಸಾಮಗ್ರಿ. ರಥ ಎಳೆಯುವುದೂ ಬೆತ್ತದಿಂದಲೇ. ಅದರ ತುಂಡನ್ನು ನಾವು ಪ್ರಸಾದವೆಂದು ಮನೆಗೆ ತರುತ್ತೇವೆ. ಮಲೆಕುಡಿಯರಿಗೆ ಬೇರೆ ಕಷ್ಟಗಳಿಲ್ಲ ಎಂದಲ್ಲ. ಆದರೆ ಅವರ ಕೈಯಿಲ್ಲದೆ ರಥ ಏಳುವುದಿಲ್ಲವೆಂದು ಊರಿಗೆ ತಿಳಿದಿದೆ. ಕಲೆಯನ್ನು ಉಳಿಸಿರುವುದು ಆ ಅಗತ್ಯ ಮತ್ತು ಆ ಗೌರವ.

ವಸ್ತುಸಂಗ್ರಹಾಲಯವೇ ಬೇಡವೆಂದೂ ನಾನು ಹೇಳುತ್ತಿಲ್ಲ. ಅಮೆರಿಕದ ಮಿನ್ನೆಸೋಟಾದಲ್ಲಿ ಒಜಿಬ್ವೆ ಎಂಬ ಮೂಲನಿವಾಸಿಗಳ ಬದುಕನ್ನು ತೋರಿಸುವ ಮಿಲ್ ಲ್ಯಾಕ್ಸ್ ವಸ್ತುಸಂಗ್ರಹಾಲಯವಿದೆ. ಬರ್ಚ್ ಮರದ ತೊಗಟೆಯ ಬುಟ್ಟಿ, ಮಣಿಕೆಲಸ ಅವರ ಕಲೆಗಳು. ಅದು ಇರುವುದು ಅವರದೇ ನೆಲದಲ್ಲಿ. ಮೂಲನಿವಾಸಿಗಳು ಮಾಡಿದ ವಸ್ತುಗಳನ್ನು ಮಾರುವ ಅಂಗಡಿಯೂ ಅಲ್ಲೇ ಇದೆ. ನೆಂಟರು ಮನೆಯವರನ್ನು ನೋಡಲು ಹೋದಂತೆ ಜನ ಅಲ್ಲಿಗೆ ಹೋಗಬೇಕು. ನಮ್ಮಲ್ಲಿ ಮಾತ್ರ ಹೆಣೆಯುವವರನ್ನೇ ಕರೆತಂದು ಹಗ್ಗದೊಳಗೆ ಕೂರಿಸುತ್ತೇವೆ.

ನಾನು ಕೇಳುವುದು ಮೂರೇ. ಫಲಕದಲ್ಲಿ ಹೆಣೆದವರ ಹೆಸರಿರಲಿ. ಕೇಳಿದ ಬೆಲೆ ಕೊಡೋಣ. ಕಾಡಿಗೆ ನಡೆದದ್ದು, ಬಳ್ಳಿ ಕೊಯ್ದದ್ದು, ಸೀಳಿದ್ದು, ಹೊತ್ತದ್ದು ಎಲ್ಲವೂ ಅದರಲ್ಲಿದೆ. ಮೂರನೆಯದು ಆ ಬಳ್ಳಿಯ ಮಾತು. ಬಿದಿರು, ಬೆತ್ತದಂಥ ಕಿರು ಅರಣ್ಯ ಉತ್ಪನ್ನಗಳನ್ನು ಸಂಗ್ರಹಿಸುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಅರಣ್ಯವಾಸಿ ಬುಡಕಟ್ಟು ಜನರಿಗೆ ಕೊಟ್ಟಿದೆ. ಕಾಡಿನ ಅಂಚಿನಲ್ಲಿ ಅವರನ್ನು ತಡೆದು ನಿಲ್ಲಿಸಿ, ಊರಿನಲ್ಲಿ ಅವರ ಕಲೆಯನ್ನು ಹೊಗಳುವುದು ಆಷಾಢಭೂತಿತನ.

ಅಂದು ನಾನು ಮುನ್ನೂರು ಕೊಟ್ಟೆ. "ನಿಮ್ಮ ಹೆಸರೇನು?" ಎಂದೆ. ಆಕೆ ಮೊದಲ ಬಾರಿಗೆ ತಲೆಯೆತ್ತಿ ಹೇಳಿದರು. ಬುಟ್ಟಿ ಈಗ ನನ್ನ ಅಡುಗೆಮನೆಯಲ್ಲಿದೆ, ನೀರು ಚಿಮುಕಿಸಿಲ್ಲ. ಆದರೂ ಅರ್ಧ ಲೆಕ್ಕ ಬಾಕಿಯಿದೆ. ಏಕೆಂದರೆ ಆಕೆ ಇನ್ನೂ ನನ್ನ ಮನೆಗೆ ಬಂದಿಲ್ಲ, ನಾನು ಕರೆದೂ ಇಲ್ಲ.

ನಾಳೆ ನಿಮ್ಮ ಅಂಗಳಕ್ಕೆ ಬುಟ್ಟಿ ಹೊತ್ತವರು ಬಂದರೆ, ಮೊದಲು ಜಗಲಿಯಲ್ಲಿ ಕುರ್ಚಿ ಹಾಕಿ. ಬೆಲೆ ಆಮೇಲೆ ಕೇಳಿ.