ಕಾಡಿನ ಪರದೆಯ ಕೆಳಗೆ ಎರಡು ರಾತ್ರಿ

ಬಳ್ಳಾರಿ ಸೀಮೆಯಲ್ಲಿ ಹಿರಿಯರು ಆಡುವ ಮಾತೊಂದುಂಟು: ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂದು. ಉಜ್ಜಿನಿಯ ದೇವಾಲಯದ ಒಳಗಣ ಕೆತ್ತನೆಯನ್ನು ಕಂಡವರಿಗೆ ಇದು ಅತಿಶಯೋಕ್ತಿಯೆನಿಸದು. ಈ ಸಲ ಕೊಟ್ಟೂರಿನ ತೇರಿಗೆ ಹೋದ ನಮಗೆ, ಒಂದು ಬಡಮನೆಯ ವಿಷಯದಲ್ಲಿಯೂ ಇದೇ ಮಾತನ್ನು ಹೇಳಬಹುದೆಂಬುದು ಗೊತ್ತಾಯಿತು.

ಕೊಟ್ಟೂರೇಶ್ವರನ ತೇರು ಮಾಘ ಬಹುಳದಲ್ಲಿ, ಮೂಲಾ ನಕ್ಷತ್ರದಂದು ಸಾಗತಕ್ಕದ್ದು. ಅದಕ್ಕೆ ಮೊದಲೇ ದಾವಣಗೆರೆ, ಹರಪನಹಳ್ಳಿ, ಹಡಗಲಿ, ಕೂಡ್ಲಿಗಿಗಳ ಕಡೆಯಿಂದ ಜನರು ಕಾಲ್ನಡಿಗೆಯಲ್ಲಿ ಬರತೊಡಗುತ್ತಾರೆ. ಮಠದ ಜಗಲಿಗಳೂ ಪರಿಚಿತರ ಪಡಸಾಲೆಗಳೂ ತುಂಬಿಹೋಗುತ್ತವೆ. ಲಾಡ್ಜಿನಲ್ಲಿ ಕೋಣೆಯುಂಟೇ ಎಂದು ಕೇಳಿದರೆ, ಕೇಳಿದವರ ಮುಖವನ್ನು ನೋಡಿ ನಗುತ್ತಾರೆ. ನಾವೂ ನಮ್ಮ ಮನೆಯವರೂ ಹೀಗೆ ಎರಡು ಕಡೆ ನಗಿಸಿಕೊಂಡ ಬಳಿಕ, ಹಗರಿಬೊಮ್ಮನಹಳ್ಳಿಯ ಸ್ನೇಹಿತರೊಬ್ಬರು ದೂರವಾಣಿಯಲ್ಲಿ ಒಂದು ಮನೆಯ ಗುರುತು ಹೇಳಿದರು. ಜಾತ್ರೆಯ ದಿನಗಳಲ್ಲಿ ಆ ಮನೆಯ ಅಜ್ಜಿ ಪರಸ್ಥಳದವರಿಗೆ ಇಳಿದುಕೊಳ್ಳಲು ಜಾಗ ಕೊಡುವರಂತೆ. "ಮಲಗುವಾಗ ಹುಲಿಗೆ ಹೆದರಬೇಡಿ" ಎಂದು ಅವರು ಕೊನೆಯಲ್ಲಿ ಸೇರಿಸಿದ್ದು ನಮಗೆ ಆಗ ಅರ್ಥವಾಗಲಿಲ್ಲ.

ಹೊರಗಿನಿಂದ ನೋಡಿದರೆ ತಗಡಿನ ಮಾಡು, ಬಹುಕಾಲದಿಂದ ಸುಣ್ಣ ಕಾಣದ ಗೋಡೆ. ಬಾಗಿಲ ಮೇಲೆ 'ಡ್ರಾಮಾ ಸೀನ್ಸ್ ಬಾಡಿಗೆಗೆ ದೊರೆಯುತ್ತವೆ' ಎಂಬ ಅರೆಯಳಿದ ಬರಹ. ಒಳಗೆ ಕಾಲಿಟ್ಟೆವೋ ಇಲ್ಲವೋ, ಎದುರಿಗೆ ದರ್ಬಾರು! ಕೆಂಪು ಹಾಸು, ಸಾಲುಗಂಬಗಳು, ದೂರ ದೂರಕ್ಕೆ ಸರಿದು ಕಿರಿದಾಗುವ ಅರಮನೆಯ ಓಣಿ. ನಿಜದಲ್ಲಿ ಅದೊಂದು ಉದ್ದನೆಯ ಪಡಸಾಲೆ, ಅಷ್ಟೆ. ನಡುಗೋಡೆಗಳೇ ಇಲ್ಲ. ನಾಟಕದ ಪರದೆಗಳನ್ನೇ ಇಳಿಬಿಟ್ಟು ಕೋಣೆಗಳನ್ನಾಗಿ ಮಾಡಿದ್ದಾರೆ. ದರ್ಬಾರಿನ ಹಿಂದೆ ರಾಣೆಬೆನ್ನೂರಿನ ಒಂದು ಸಂಸಾರ, ಬೀದಿಯ ಪರದೆಯ ಹಿಂದೆ ಅಡಿಗೆಮನೆ. ಬಚ್ಚಲಿಗೆ ಸೆರೆಮನೆಯ ಪರದೆ. ಒಳಗಿದ್ದವರು ಕಂಬಿಗಳ ಹಿಂದಿನಿಂದಲೇ ನೀರು ಸಾಲದೆಂದು ಕೂಗಬೇಕು. ನಮ್ಮ ಪಾಲಿಗೆ ಬಂದದ್ದು ಕಾಡು. ಆಲದ ಬಿಳಲುಗಳು, ಒಂದು ಜಲಪಾತ, ಮರೆಯಲ್ಲಿ ಒಂದು ಹುಲಿ. ಆ ಹುಲಿಯ ಮೀಸೆ ಮಾತ್ರ ಅಪ್ಪಟ ಮನುಷ್ಯನದು.

"ನಮ್ಮ ಯಜಮಾನ್ರು ಹುಲಿ ಕಂಡೋರಲ್ರಿ. ನಮ್ಮಪ್ಪನ್ನ ನೋಡಿ ಬರದ್ರು" ಎಂದರು ಅಜ್ಜಿ, ಲೇಶವೂ ನಗದೆ.

ಯಜಮಾನರು ತೀರಿಹೋಗಿ ಬಹಳ ವರ್ಷಗಳಾದುವು. ಇವೆಲ್ಲವೂ ಅವರ ಕೈಯವೇ. ಸೀನು ಬರೆಯುವ ಬಗೆಯನ್ನು ಅಜ್ಜಿ ನಮ್ಮ ಮನೆಯವರಿಗೆ ರೊಟ್ಟಿ ಬಡಿಯುತ್ತಲೇ ವಿವರಿಸಿದರು. ಕೋರಾ ಬಟ್ಟೆಯ ಪಟ್ಟಿಗಳನ್ನು ಜೋಡಿಸಿ ಹೊಲಿಯಬೇಕು. ಸರೇಸನ್ನು ನೀರಿನಲ್ಲಿ ಕಾಯಿಸಿ, ಬಿಳಿಯ ಪುಡಿಯನ್ನು ಬೆರೆಸಿ ಬಟ್ಟೆಗೆ ಬಳಿದು ಒಣಗಿಸಬೇಕು. ಆಮೇಲೆ ಪುಡಿಬಣ್ಣಗಳನ್ನು ಅದೇ ಸರೇಸಿನಲ್ಲಿ ಕಲಸಿ, ಆರುವ ಮುನ್ನ ಬರೆಯಬೇಕು. ಬಟ್ಟೆ ಹೊಲಿದವರೂ ಒಲೆಯ ಮುಂದೆ ಕುಳಿತು ಸರೇಸು ಕಾಯಿಸಿದವರೂ ತಾವೇ ಎಂಬುದನ್ನು ಅವರು ಹೇಳಲಿಲ್ಲ. ನಮ್ಮ ಮನೆಯವರು ಕೇಳಿ ತಿಳಿದರು. ಪರದೆಯ ಮೂಲೆಯಲ್ಲಿ ಯಜಮಾನರ ಹೆಸರಿದೆ. ಹೊಲಿಗೆಯ ಮೇಲೆ ಯಾರ ಹೆಸರೂ ಇಲ್ಲ.

ಸರೇಸಿನ ಪರದೆಗೆ ಮೂರು ಶತ್ರುಗಳು: ನೀರು, ಇಲಿ, ಮಡಿಕೆ. ನೀರು ತಾಕಿದರೆ ಬಣ್ಣ ಹರಿಯುತ್ತದೆ, ಸರೇಸಿನ ರುಚಿಗೆ ಇಲಿ ಬರುತ್ತದೆ, ಮಡಿಸಿಟ್ಟರೆ ಮಡಿಕೆಯ ಗೆರೆಯುದ್ದಕ್ಕೂ ಬಣ್ಣ ಉದುರುತ್ತದೆ. ಆದುದರಿಂದ ಬಿದಿರಿಗೆ ಸುತ್ತಿಯೇ ಇಡತಕ್ಕದ್ದು.

ಇಂಥ ಪರದೆಗಳು ನಮ್ಮಲ್ಲಿಗೆ ಬಂದುದು ಪಾರ್ಸಿ ಮತ್ತು ಮರಾಠಿ ನಾಟಕ ಮಂಡಳಿಗಳ ಸಂಚಾರದಿಂದ. ಅಣ್ಣಾಸಾಹೇಬ ಕಿರ್ಲೋಸ್ಕರರು ಪುಣೆಯಲ್ಲಿ ಮರಾಠಿ ಶಾಕುಂತಲವನ್ನು ಆಡಿಸಿದ್ದು 1880ರಲ್ಲಿ. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಂಪನಿಗಳು ಹೋದ ಊರುಗಳಲ್ಲೆಲ್ಲ ದರ್ಬಾರು, ಕಾಡು, ಬೀದಿ ಎಂಬ ಪರದೆಗಳು ಜನರ ಕಣ್ಣಲ್ಲಿ ನೆಲೆನಿಂತವು. ಬಯಲಾಟಕ್ಕೆ ಒಂದು ಅಟ್ಟ, ಒಂದಿಷ್ಟು ಬೆಳಕು ಸಾಕಾಗಿತ್ತು. ನಾಟಕಕ್ಕೆ ಸೀನು ಬೇಕಾಯಿತು. ಹಬ್ಬದಲ್ಲಿಯೋ ಜಾತ್ರೆಯಲ್ಲಿಯೋ ನಾಟಕವಾಡುವ ಹಳ್ಳಿಯ ಹುಡುಗರು ಸೀನು ಬರೆಸಬಲ್ಲರೇ? ಬಾಡಿಗೆಗೆ ತರುತ್ತಾರೆ. ಸ್ತ್ರೀಪಾತ್ರಕ್ಕೆ ಮರಿಯಮ್ಮನಹಳ್ಳಿಯಂಥ ಊರಿನ ಕಲಾವಿದೆಯರನ್ನು ಕರೆಸುತ್ತಾರೆ. ಈ ಪದ್ಧತಿ ಇಂದಿಗೂ ನಿಂತಿಲ್ಲ. ಆದರೆ ಈಗ ಯಂತ್ರದಲ್ಲಿ ಅಚ್ಚಾದ ಪರದೆ ದೊರೆಯುತ್ತದೆ. ಅದು ಹಗುರ, ಮಳೆಗೆ ಜಗ್ಗದು. ಅಜ್ಜಿಯ ಮನೆಗೆ ಬರುವ ಗಿರಾಕಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

ತೇರಿನ ಸಂಜೆ ಉತ್ತತ್ತಿ ಬಾಳೆಹಣ್ಣುಗಳ ಮಳೆಯಲ್ಲಿ ಮಿಂದು, ಮಂಡಕ್ಕಿ ಮೆಣಸಿನಕಾಯಿ ತಿಂದು ನಾವು ಹಿಂದಿರುಗಿದಾಗ, ದರ್ಬಾರಿನ ಮುಂದೆ ಒಬ್ಬ ಗೃಹಸ್ಥರು ಕುರ್ಚಿಯಲ್ಲಿ ಕುಳಿತಿದ್ದರು. ಎಲ್ಲಿಯೋ ಹೊಸದಾಗಿ ಕಟ್ಟುತ್ತಿರುವ ಹೋಟೆಲಿನ ಕಡೆಯವರಂತೆ. ದರ್ಬಾರಿಗೆ 25,000 ರೂಪಾಯಿ, ಕಾಡಿಗೆ 15,000. ಪ್ರವಾಸಿಗಳು ಕೂರುವ ಹಜಾರದಲ್ಲಿ ಗಾಜು ಹಾಕಿಸಿ ನಿಲ್ಲಿಸುವರಂತೆ. ಮಾತು ಮರ್ಯಾದೆಯದಾಗಿಯೇ ಇತ್ತು. ಭಾನುವಾರ ಮತ್ತೆ ಬರುವುದಾಗಿ ಹೇಳಿ ಅವರು ಎದ್ದರು.

ಅಜ್ಜಿ ನಮ್ಮ ಕಡೆಗೆ ತಿರುಗಿ, "ನೀವು ಬರಿಯೋರಂತ. ಹೇಳ್ರಿ, ಏನ್ ಮಾಡ್ಲಿ?" ಎಂದರು. ತೋರಣಗಲ್ಲಿನ ಕಡೆ ಕೆಲಸದಲ್ಲಿರುವ ಮಗನು ಮಾರಿಬಿಡೆಂದು ಹೇಳುತ್ತಾನೆ. ಮಾಡು ಸೋರುತ್ತಿದೆ. ತಗಡು ಬದಲಿಸದಿದ್ದರೆ ಬರುವ ಮಳೆಗಾಲಕ್ಕೆ ಪರದೆಗಳೇ ಉಳಿಯವು. ತಗಡು ಬದಲಿಸಬೇಕಾದರೆ ಪರದೆಯನ್ನೇ ಮಾರಬೇಕು.

ಪ್ರತಿ ತಿಂಗಳೂ ಈ ಪುಟದಲ್ಲಿ ಕೇಳದವರಿಗೂ ಬುದ್ಧಿ ಹೇಳುವ ನಮಗೆ, ಕೇಳಿದವರಿಗೆ ಹೇಳಲು ಮಾತು ಹೊರಡಲಿಲ್ಲ. ನೆನಪಿಗೆ ಬಂದದ್ದು ಆಫ್ರಿಕೆಯ ಘಾನಾ ದೇಶದ ಸಂಗತಿ. ಅಲ್ಲಿ 1980ರ ದಶಕದಲ್ಲಿ ಒಂದು ಟೆಲಿವಿಷನ್ನು, ಒಂದು ವಿಡಿಯೋ ಯಂತ್ರ, ಒಂದು ಜನರೇಟರು ಇಷ್ಟನ್ನೇ ಹೊತ್ತು ಊರೂರು ತಿರುಗಿ ಸಿನಿಮಾ ತೋರಿಸುವವರಿದ್ದರು. ಅವರಿಗಾಗಿ ಅಕ್ರಾ ಮೊದಲಾದ ನಗರಗಳ ಚಿತ್ರಕಾರರು ಹಿಟ್ಟಿನ ಚೀಲಗಳನ್ನು ಬಿಚ್ಚಿ, ಜೋಡಿಸಿ ಹೊಲಿದು, ಅದರ ಮೇಲೆ ಜಾಹೀರಾತಿನ ಚಿತ್ರ ಬರೆಯುತ್ತಿದ್ದರು. ಎಷ್ಟೋ ಸಲ ಬರೆದವನು ಆ ಸಿನಿಮಾವನ್ನೇ ಕಂಡಿರುತ್ತಿರಲಿಲ್ಲ. ನಮ್ಮ ಹುಲಿಯ ಹಾಗೆ. ಅಚ್ಚಿನ ಚಿತ್ರಗಳು ಬಂದ ಮೇಲೆ ಆ ಕಸುಬು ಕುಗ್ಗಿತು. ಹಳೆಯ ಚೀಲಗಳನ್ನು ಪರದೇಶದ ಸಂಗ್ರಾಹಕರು ಕೊಂಡೊಯ್ದರು. ಕೊಂಡದ್ದರಿಂದಲೇ ಅವು ಉಳಿದವೆಂಬುದು ಸುಳ್ಳಲ್ಲ. ಆದರೆ ಸಂತೆಯ ಬಿಸಿಲಿನಲ್ಲಿ ಜನರನ್ನು ಕರೆಯಲೆಂದು ಬರೆದ ಚಿತ್ರ ಈಗ ಯಾರನ್ನೂ ಎಲ್ಲಿಗೂ ಕರೆಯುವುದಿಲ್ಲ.

ಇದನ್ನೆಲ್ಲ ಅಜ್ಜಿಗೆ ಹೇಳಿದೆವು. ಹೇಳಿ, "ಒಂದನ್ನು ಮಾರಿ ಮಾಡು ಸರಿಮಾಡಿಸಿ, ಉಳಿದವನ್ನು ಕಾಪಾಡಿಕೊಳ್ಳಿ" ಎಂದೆವು. ಗೃಹಕೃತ್ಯದ ದೃಷ್ಟಿಯಿಂದ ಅದು ತಪ್ಪು ಮಾತಲ್ಲವೆಂದು ಈಗಲೂ ನಮ್ಮ ಎಣಿಕೆ.

"ಯಾವ್ದನ್ರಿ?" ಎಂದರು ಅವರು. ಸ್ವಲ್ಪ ಹೊತ್ತು ಬಿಟ್ಟು, "2017ರಾಗ ಎಳಿಯೋವಾಗ್ಲೇ ತೇರು ಬಿತ್ತಲ್ರಿ, ಆಮ್ಯಾಲ ಹೊಸಾ ತೇರು ಆತು. ನಮ್ಮ ಸೀನು ಬಿದ್ರ ಯಾರು ಬರಸ್ತಾರ?" ಎಂದು ದೀಪ ಆರಿಸಿದರು. ನಮಗೆ ಹೊದೆಯಲು ಕೊಟ್ಟ ಕೌದಿಯಲ್ಲಿ ಹರಿದುಹೋದ ಯಾವುದೋ ಪರದೆಯ ನೀಲಿಯ ತುಂಡೊಂದು ಸೇರಿತ್ತು. ಅದು ಮುಗಿಲೋ ಕೆರೆಯೋ ತಿಳಿಯದು.

ಬೆಳಗಾಗುವ ಮೊದಲೇ ಹೊರಗೆ ಟ್ರ್ಯಾಕ್ಟರಿನ ಸದ್ದು. ಹಡಗಲಿ ಕಡೆಯ ಒಂದು ಹಳ್ಳಿಯ ನಾಲ್ವರು ಹುಡುಗರು. ಮರುದಿನ ಅವರ ಊರಲ್ಲಿ ನಾಟಕ. ಅಚ್ಚಿನ ಪರದೆಯವನು ಕೊನೆಯ ಗಳಿಗೆಯಲ್ಲಿ ಕೈಕೊಟ್ಟಿದ್ದನಂತೆ. ದರ್ಬಾರು, ಬೀದಿ ಎರಡನ್ನೂ ಕೇಳಿದರು. ಅಜ್ಜಿ ನೋಟುಬುಕ್ಕಿನಲ್ಲಿ ಊರ ಹೆಸರು ಬರೆಸಿಕೊಂಡು, ಮುಂಗಡ ಎಣಿಸಿಕೊಂಡು, "ಸುತ್ತಿ ಒಯ್ರಿ, ಮಡಚಬ್ಯಾಡ್ರಿ. ಮಳಿ ಬಂದ್ರ ನೀವು ತೋಯ್ರಿ, ಸೀನು ತೋಯಿಸಬ್ಯಾಡ್ರಿ" ಎಂದು ಎರಡು ಸಲ ಹೇಳಿದರು. ಹೋಟೆಲಿನವರು ಭಾನುವಾರ ಬರುವರಲ್ಲಾ ಎಂದು ನಾವು ನೆನಪಿಸಿದೆವು. "ಬರ್ಲಿ. ದರ್ಬಾರು ನಾಟಕಕ್ಕ ಹೋಗೇತಿ ಅಂತ ಹೇಳ್ತೀನಿ" ಎಂದು, ಆ ಎರಡು ದಿನಗಳಲ್ಲಿ ಮೊದಲ ಬಾರಿಗೆ ನಕ್ಕರು.

ಅಷ್ಟರಲ್ಲಿ ಹುಡುಗರಲ್ಲೊಬ್ಬನು ತಮ್ಮ ನಾಟಕದಲ್ಲಿ ಕಾಡಿನ ಪ್ರವೇಶವೂ ಉಂಟೆಂದು ಸಂಕೋಚದಿಂದ ತಿಳಿಸಿದನು. ಒಳಗೆ ಅತಿಥಿಗಳಿದ್ದಾರೆ, ಕೊಡಲಾಗದೆಂದು ಅಜ್ಜಿ ಹೇಳುವುದರೊಳಗೆ ನಾವಿಬ್ಬರೂ ಹಾಸಿಗೆ ಸುತ್ತಿದ್ದೆವು. ಬಿದಿರಿನ ಒಂದು ತುದಿಯನ್ನು ನಮ್ಮ ಮನೆಯವರು ಹಿಡಿದರು, ಇನ್ನೊಂದನ್ನು ನಾವು. ಜಲಪಾತ ಹೋಯಿತು, ಹುಲಿ ಹೋಯಿತು, ಕಟ್ಟಕಡೆಗೆ ಆಲದ ಮರ. ಹಿಂದಿನ ಗೋಡೆಯ ಮೇಲೆ ನೀರಿಳಿದ ಕಲೆಗಳು ಮೇಲಿನಿಂದ ನೆಲದವರೆಗೂ ಕಂಡವು. ಮೇಲೆ ತಗಡಿನ ತೂತಿನಲ್ಲಿ ಆಗಷ್ಟೆ ಬೆಳಕು ಬರುತ್ತಿತ್ತು.